ಹೈಡ್ರೋಪೋನಿಕ್ಸ್‌ಗೆ ‘ನೀರುಬೇಸಾಯ’ ಆಗಬಹುದೇ? ‘ನಿವ್ವಳ ಮಡಕೆ’ಗೆ ಏನನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ತೀರ್ಥಹಳ್ಳಿಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಜೂನ್ ಹಿಡಿದರೆ ಹಿತ್ತಿಲಿನ ಸೊಪ್ಪಿನ ಆಸೆ ಬಿಡಬೇಕು. ಕೊತ್ತಂಬರಿ ಮಳೆಯ ಹೊಡೆತಕ್ಕೆ ಮಲಗುತ್ತದೆ, ಹರಿವೆ ಕೊಳೆಯುತ್ತದೆ, ಉಳಿದದ್ದು ಬಸವನಹುಳುವಿನ ಪಾಲು. ಹಾಗಾಗಿ ಈ ಸಲ ಜಗಲಿಯ ಮೂಲೆಯಲ್ಲೇ ದೀಪ ಉರಿಸಿಕೊಂಡು, ಮಣ್ಣಿಲ್ಲದೆ ನೀರಿನಲ್ಲಿ ಸೊಪ್ಪು ಬೆಳೆಯುವ ಸಾಧನವೊಂದನ್ನು ಕೊಳ್ಳಲು ಹೊರಟರು. ಯಾವುದು ಒಳ್ಳೆಯದೆಂದು ಹೇಳುವ ಕೆಲಸ ನನ್ನ ತಲೆಗೆ ಬಂತು. ಅಂಗಡಿಯಿಂದ ತಂದ ಕನ್ನಡದ ಕರಪತ್ರವನ್ನು ಓದಿ ಹೇಳುತ್ತಿದ್ದೆ: ‘ಪ್ರತಿ ನಿವ್ವಳ ಮಡಕೆಯಲ್ಲಿ ಒಂದು ಸಸಿ ಇಡಿ.’ ಚಿಕ್ಕಮ್ಮ ತಡೆದರು: “ನಿವ್ವಳ ಎಂದರೆ ಸೊಸೈಟಿಯವರು ನಿವ್ವಳ ಲಾಭ ಎನ್ನುತ್ತಾರಲ್ಲ, ಅದೇ ತಾನೆ? ಖರ್ಚು ಕಳೆದು ಉಳಿದ ಮಡಕೆಯೋ?”

ವಸ್ತು ನೋಡಿದರೆ ಅಂಗೈಯಲ್ಲಿ ಕೂರುವ ಪ್ಲಾಸ್ಟಿಕ್ ಲೋಟ, ಸುತ್ತಲೂ ತಳದಲ್ಲೂ ಸೀಳುಗಳು. ಬೇರು ಆ ಸೀಳಿನಿಂದ ಇಳಿದು ನೀರು ಮುಟ್ಟುತ್ತದೆ. ಇಂಗ್ಲಿಷಿನ ‘ನೆಟ್ ಪಾಟ್’ ಇದು; ಬಲೆ ಎಂಬರ್ಥದ ‘ನೆಟ್’ ಅನ್ನು ಲೆಕ್ಕದ ‘ನೆಟ್’ ಎಂದು ತಿಳಿದು ‘ನಿವ್ವಳ’ ಮಾಡಿದ್ದರು. ‘ಜಾಲರಿ ಲೋಟ’ ಎಂದಿದ್ದರೆ ಮುಗಿಯುತ್ತಿತ್ತು. ಅದೇ ಹಾಳೆಯಲ್ಲಿ ಮುಂದೆ ‘ಪೋಷಕಾಂಶ ಚಲನಚಿತ್ರ ತಂತ್ರ’ ಎಂದೂ ಇತ್ತು. ಇಂಗ್ಲಿಷಿನ ‘ಫಿಲ್ಮ್’ ಎಂದರೆ ಇಲ್ಲಿ ತೆಳು ಪದರ; ಬೇರಿನಡಿ ತೆಳ್ಳಗೆ ಹರಿಯುವ ನೀರಿನ ಪದರವನ್ನು ಸಿನಿಮಾ ಮಾಡಿದ್ದರು. ನಗು ಮುಗಿದ ಮೇಲೆ, ಇವಕ್ಕೆಲ್ಲ ನಾವು ಏನೆನ್ನುತ್ತೇವೆ ಎಂದು ಕೇಳಿಕೊಂಡರೆ ನನ್ನಲ್ಲೂ ಸರಿಯಾದ ಉತ್ತರವಿರಲಿಲ್ಲ. ಅದಕ್ಕೇ ಈ ಪತ್ರ.

ಮೊದಲು ಒಟ್ಟು ವಿದ್ಯೆಯ ಹೆಸರು, ಅಂದರೆ ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್‌ಗೆ ಕನ್ನಡದ ಹೆಸರು. ಪತ್ರಿಕೆಗಳಲ್ಲಿ ‘ಜಲಕೃಷಿ’ ಎಂದು ಬರೆಯುವುದುಂಟು. ನನಗೆ ಎರಡು ತಕರಾರುಗಳಿವೆ. ಮೀನು, ಸಿಗಡಿ ಸಾಕಣೆಗೂ ಅದೇ ಪದ ನಡೆಯುತ್ತಿದೆ. ‘ಜಲಕೃಷಿಗೆ ಸಹಾಯಧನ’ ಎಂಬ ತಲೆಬರಹ ಕಂಡರೆ ಮೀನಿನ ಹೊಂಡವೋ ಪುದೀನವೋ ತಿಳಿಯುವುದಿಲ್ಲ. ಇನ್ನೊಂದು, ‘ಕೃಷಿ’ಯ ಧಾತುವಿನಲ್ಲಿ ಎಳೆಯುವ, ಉಳುವ ಅರ್ಥವಿದೆ. ಇಲ್ಲಿ ಉಳುವುದಕ್ಕೆ ಏನೂ ಇಲ್ಲ.

ಇಂಗ್ಲಿಷ್ ಪದವನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ; ಸೂಚಿಸಿದವರು ಅಲ್ಲಿಯೇ ಇದ್ದ ಸಸ್ಯಶಾಸ್ತ್ರಜ್ಞ ಸೆಚೆಲ್. ಗ್ರೀಕಿನಲ್ಲಿ ‘ಹೈಡ್ರೋ’ ನೀರು, ‘ಪೋನೋಸ್’ ದುಡಿಮೆ. ನಮ್ಮ ‘ಬೇಸಾಯ’ವೂ ‘ವ್ಯವಸಾಯ’ದ ತದ್ಭವ, ವ್ಯವಸಾಯವೆಂದರೆ ಮೂಲದಲ್ಲಿ ಪ್ರಯತ್ನ, ಉದ್ಯೋಗ. ಗ್ರೀಕರ ದುಡಿಮೆಗೂ ನಮ್ಮ ಬೇಸಾಯಕ್ಕೂ ಇಷ್ಟು ಹತ್ತಿರದ ನಂಟಿರುವಾಗ ‘ನೀರುಬೇಸಾಯ’ ತಾನಾಗಿಯೇ ಒದಗಿಬಂದಂತೆ ಕಾಣುತ್ತದೆ. ‘ಜಲಬೇಸಾಯ’ ಬೇಡ, ಅದು ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ. ಆದರೆ ಪಕ್ಕದ ಮನೆಯ ರೈತರೊಬ್ಬರಿಗೆ ಇದನ್ನು ಹೇಳಿದಾಗ, “ಭತ್ತದ ಗದ್ದೆ ಮತ್ತೇನು, ಅದೂ ನೀರಿನ ಬೇಸಾಯವೇ” ಎಂದರು. ಗದ್ದೆಯಲ್ಲಿ ಕೆಸರಿದೆ ಎಂದು ವಾದಿಸಬಹುದು, ಆದರೂ ಅವರ ಮಾತಿನಲ್ಲಿ ತೂಕವಿದೆ. ಕೆಲವು ಸೀಮೆಗಳಲ್ಲಿ ಬೇಸಾಯವೆಂದರೆ ಉಳುಮೆಯೇ ಎಂದೂ ಕೇಳಿದ್ದೇನೆ, ಅಲ್ಲಿಯವರು ಏನೆನ್ನುತ್ತೀರಿ?

ಎರಡನೆಯದು, ಸಾಧನದ ಬಗೆಗಳು. ನೀರು ಹರಿಯುವ ಬಗೆಯಲ್ಲಿ ಉದ್ದನೆಯ ಕೊಳವೆಗಳ ಮೇಲೆ ತೂತು ಕೊರೆದು ಲೋಟ ಕೂರಿಸಿರುತ್ತಾರೆ. ಕೆಳಗಿನ ತೊಟ್ಟಿಯಿಂದ ಪಂಪು ಎತ್ತಿದ ನೀರು ಕೊಳವೆಯ ಒಂದು ತುದಿಯಲ್ಲಿ ಬಿದ್ದು, ತಳಕ್ಕಂಟಿ ಹರಿದು, ಮತ್ತೆ ತೊಟ್ಟಿ ಸೇರುತ್ತದೆ. ನನಗೆ ಕೂಡಲೇ ನೆನಪಾದದ್ದು ದಂಬೆ. ಅಡಿಕೆ ಮರವನ್ನು ಸೀಳಿ, ತಿರುಳು ತೆಗೆದು, ಗುಡ್ಡದ ಅಬ್ಬಿಯಿಂದ ಅಂಗಳದವರೆಗೆ ನೀರು ತರುತ್ತಿದ್ದರಲ್ಲ, ಅದೇ. ಪಿವಿಸಿ ಆದರೇನು, ಕೆಲಸ ಒಂದೇ. ಕರಪತ್ರ ‘ಇಳಿಜಾರು ಕೋನ’ ಎಂದು ತಿಣುಕಿದ್ದಕ್ಕೆ ಗಾರೆ ಕೆಲಸದವರಲ್ಲಿ ‘ವಾಟ’ ಎಂಬ ಚೊಕ್ಕ ಪದವಿದೆ: ದಂಬೆಗೆ ವಾಟ ಸಾಲದಿದ್ದರೆ ನೀರು ನಿಲ್ಲುತ್ತದೆ. ಸಾಗರ, ಹೊಸನಗರದ ಕಡೆ ದಂಬೆಗೆ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ.

ಇನ್ನೊಂದು ಬಗೆಯಲ್ಲಿ ಪಂಪೇ ಇಲ್ಲ. ಮುಚ್ಚಿದ ಡಬ್ಬಿಯಲ್ಲಿ ಪೋಷಕಾಂಶ ಕರಗಿಸಿದ ನೀರು, ಮುಚ್ಚಳದ ತೂತಿನಲ್ಲಿ ಸಸಿ. ಗಿಡ ಕುಡಿದಂತೆ ನೀರು ಇಳಿಯುತ್ತದೆ, ತೆರವಾದ ಜಾಗದಲ್ಲಿ ಮೇಲಿನ ಬೇರುಗಳು ಗಾಳಿ ಎಳೆದುಕೊಳ್ಳುತ್ತವೆ. ಹವಾಯಿಯ ಬರ್ನಾರ್ಡ್ ಕ್ರಾಟ್ಕಿ ಅವರ ಹೆಸರಿನಲ್ಲಿ ಇದು ಪ್ರಸಿದ್ಧ. ಮಳೆಗಾಲದಲ್ಲಿ ಮರ ಬಿದ್ದು ಹೊತ್ತುಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆಗೆ ಇದೇ ಸರಿಯೆಂದು ನಾನು ಹೇಳಿದೆ. ಪಂಪು ನಿಂತರೆ ದಂಬೆಯಲ್ಲಿ ನೀರು ಬರಿದಾಗಿ ಗಿಡ ಬೇಗ ಬಾಡುತ್ತದೆ. ಡಬ್ಬಿಯೊಳಗೆ ಬೆಳಕು ಹೋಗದಂತೆ ನೋಡಿಕೊಂಡರಾಯಿತು, ಇಲ್ಲವಾದರೆ ಪಾಚಿ. ಆದರೆ ಹೆಸರಿನದು ಇಲ್ಲೂ ತೊಡಕು. ‘ನಿಂತ ನೀರಿನ ಬೇಸಾಯ’ ಎನ್ನೋಣವೆಂದರೆ ಕನ್ನಡದಲ್ಲಿ ನಿಂತ ನೀರಿಗೆ ಮರ್ಯಾದೆಯಿಲ್ಲ, ಸೊಳ್ಳೆಯ ನೆನಪೇ ಮೊದಲು.

ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ಹೇಳುವ ಅಳತೆಯಾದ ಪಿಎಚ್‌ಗೆ ‘ರಸಸಾರ’ ಎಂಬ ಸೊಗಸಾದ ಪದ ನಮ್ಮ ಮಣ್ಣು ಪರೀಕ್ಷೆಯ ಚೀಟಿಗಳಲ್ಲೇ ಇದೆ. ಸೊಪ್ಪಿಗೆ 5.5ರಿಂದ 6.5ರ ರಸಸಾರ ಹಿತ. ಇದರ ಬಗ್ಗೆ ಚರ್ಚೆ ಬೇಡ, ಬಳಸಿದರೆ ಸಾಕು.

ಕೊನೆಯದು ನನ್ನನ್ನು ನಿಜವಾಗಿ ಕಾಡುತ್ತಿರುವುದು: ಹರ್ಬ್. ಕರಪತ್ರ ‘ಗಿಡಮೂಲಿಕೆಗಳು’ ಎಂದಿದೆ. ನಮಗೆ ಗಿಡಮೂಲಿಕೆ ಎಂದರೆ ಕಷಾಯ, ನಾಟಿ ವೈದ್ಯರು. ಪುದೀನ, ಕೊತ್ತಂಬರಿ, ಸಬ್ಬಸಿಗೆಯನ್ನು ಯಾರೂ ಹಾಗೆ ಕರೆಯುವುದಿಲ್ಲ. ಬೇಸಿಲ್‌ಗೆ ‘ತುಳಸಿ’ ಎಂದೂ ಹಾಕಿದ್ದಾರೆ. ಅದು ಕಾಮಕಸ್ತೂರಿ, ಕಟ್ಟೆಯ ತುಳಸಿಯಲ್ಲ. ‘ಪರಿಮಳದ ಸೊಪ್ಪು’ ಎನ್ನಬಹುದೇನೋ. ಆದರೆ ಚಿಕ್ಕಮ್ಮ ಬೆಳೆಯಬೇಕೆಂದಿರುವ ಒಂದೆಲಗ, ದೊಡ್ಡಪತ್ರೆಗಳನ್ನು ಎಲ್ಲಿ ಸೇರಿಸುವುದು? ತಂಬುಳಿಗೆ ಹಾಕಿದರೆ ಅಡುಗೆ, ಕೆಮ್ಮಿಗೆ ಹಿಂಡಿದರೆ ಮದ್ದು. ಎರಡನ್ನೂ ಒಳಗೊಳ್ಳುವ ಪದ ನಿಮ್ಮ ಮನೆಮಾತಿನಲ್ಲಿ ಇದೆಯೇ?

ಚಿಕ್ಕಮ್ಮ ಪಂಪಿಲ್ಲದ್ದನ್ನೇ ತೆಗೆದುಕೊಂಡರು. ನನ್ನ ಚರ್ಚೆಗೆ ಕಾಯದೆ ಸಸಿಮಡಿಯ ಜಾಡಿನಲ್ಲಿ ಅದಕ್ಕೆ ‘ನೀರುಮಡಿ’ ಎಂದು ಹೆಸರಿಟ್ಟಿದ್ದಾರೆ. ಬೇಸಾಯದ ಹೆಸರು ಬೇರೆ, ಸಾಧನದ ಹೆಸರು ಬೇರೆ ಇರಬೇಕೆಂಬುದು ಅದನ್ನು ಕೇಳಿದ ಮೇಲೆ ನನಗೆ ಹೊಳೆಯಿತು. ಮನೆಗೆ ಬಂದ ಪುರೋಹಿತರಿಗೆ ಮಾತ್ರ ಅದು ‘ಮಡಿನೀರು’ ಎಂದು ಕೇಳಿಸಿ, ಮುಟ್ಟಬಾರದೇನೋ ಎಂದು ಮಾರು ದೂರ ನಿಂತರಂತೆ.