ಗುಂಯ್ ಬೇರೆ, ಗೊರಗೊರ ಬೇರೆ: ಗಾಡಿಯ ಸದ್ದಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದಂತೆ ಅದು ನಾಲ್ಕೈದು ಪದ ಆಯಿತು. ಸ್ವಲ್ಪ ಉದ್ದ ಇದೆ, ಸಮಯ ಮಾಡಿಕೊಂಡು ಓದಿ.

ನಮ್ಮ ಮನೆಯಲ್ಲಿ ಒಂದು ಹಳೆ ಮಹೀಂದ್ರ ಜೀಪು ಇದೆ. ಇರುವುದು ಮಂಗಳೂರಿನಲ್ಲಾದರೂ ತಿಂಗಳಿಗೆ ಎರಡು ಸಲ ಚಾರ್ಮಾಡಿ ಘಾಟಿ ಹತ್ತಿ ತೋಟಕ್ಕೆ ಹೋಗಿ ಬರುತ್ತದೆ. ತೋಟ ಸಿಗುವ ಮೊದಲು ಒಂದು ತೋಡು, ಅಂದರೆ ಸಣ್ಣ ಹಳ್ಳ, ದಾಟಬೇಕು. ಆಟಿ ತಿಂಗಳ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆಯಲ್ಲಿ ಅದರ ನೀರು ಹಿಂದಿನ ಆಕ್ಸಲ್, ಅಂದರೆ ಎರಡು ಚಕ್ರಗಳ ನಡುವಿನ ಅಚ್ಚು, ಮುಳುಗುವಷ್ಟು ಬರುತ್ತದೆ. ಕಳೆದ ಮಳೆಗಾಲ ಹೀಗೆ ಮೂರು ನಾಲ್ಕು ಸಲ ದಾಟಿದ ಮೇಲೆ ಹಿಂದಿನಿಂದ ಒಂದು ಸದ್ದು ಶುರುವಾಯಿತು. ಮೊದಲು ಉಜಿರೆ ಹತ್ತಿರ ಸಣ್ಣಗೆ ಕೇಳಿಸುತ್ತಿತ್ತು. ಎರಡು ವಾರ ಕಳೆಯುವಷ್ಟರಲ್ಲಿ, ಹಿಂದೆ ಕೂತ ಅಮ್ಮನ ಮಾತು ಮುಂದೆ ಕೂತವರಿಗೆ ಕೇಳಿಸದಷ್ಟು ಜೋರಾಯಿತು.

ಗ್ಯಾರೇಜಿಗೆ ಒಯ್ದೆ. "ಶಬ್ದ ಎಂಥದು?" ಅಂತ ಕೇಳಿದರು. "ಹಿಂದೆ ಗುಂಯ್ ಅಂತದೆ" ಅಂದೆ. ಅವರು ಡಿಫರೆನ್ಷಿಯಲ್, ಅಂದರೆ ಹಿಂದಿನ ಆಕ್ಸಲ್ಲಿನ ನಡುವೆ ಇರುವ ಹಲ್ಲುಚಕ್ರಗಳ ಗೂಡು, ಬಿಚ್ಚಿದರು. ಎರಡು ದಿನದ ಕೆಲಸ. ಎಂಜಿನ್ ಕಡೆಯಿಂದ ಬರುವ ತಿರುಗಾಟವನ್ನು ಅದರೊಳಗೆ ಒಯ್ಯುವ ಸಣ್ಣ ಹಲ್ಲುಚಕ್ರಕ್ಕೆ ಪಿನಿಯನ್ ಅನ್ನುತ್ತಾರೆ, ಅದರ ಎರಡೂ ಬೇರಿಂಗ್ ಹೊಸತು ಹಾಕಿ ಕೊಟ್ಟರು. ಜೀಪು ರಸ್ತೆಗೆ ಇಳಿಯಿತು. ಸದ್ದು ಹಾಗೇ ಇತ್ತು.

ಆಮೇಲೆ ಮಂಗಳೂರಿನ ಪಡೀಲ್ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪಾನ (ಸ್ಪ್ಯಾನರ್) ಮುಟ್ಟಲೇ ಇಲ್ಲ. ಮೊದಲು ಕೇಳಿದ್ದು ಇದು: "ಗುಂಯ್ ಅಂತದಾ, ಗೊರಗೊರ ಅಂತದಾ? ಸರಿ ನೆನಪು ಮಾಡಿ ಹೇಳಿ ಮಾರಾಯ್ರೆ. ಗುಂಯ್ ಆದ್ರೆ ನಡುವಿಂದು. ಗೊರಗೊರ ಆದ್ರೆ ಚಕ್ರದ್ದು."

ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಜೀಪು ಅನ್ನುತ್ತಿದ್ದದ್ದು ಗೊರಗೊರ. ನಾನು ಹೇಳಿದ್ದು ಗುಂಯ್. ನನಗೆ ಎರಡೂ ಒಂದೇ ಆಗಿತ್ತು, ಅವರಿಗೆ ಆಗಿರಲಿಲ್ಲ. ಒಂದು ಪದ ತಪ್ಪಿದ್ದಕ್ಕೆ ಬೇಡದ ಕಡೆ ಬಿಚ್ಚಿಸಿದ್ದೆ. ಹಾಗಾಗಿ ಈ ಪತ್ರ.

ಈ ಎರಡು ಸದ್ದು ಯಾಕೆ ಬೇರೆ ಅಂತ ಯೋಚಿಸಿ ನೋಡಿದೆ. ಗಂಟೆಗೆ 50 ಕಿಲೋಮೀಟರ್ ಓಡುವಾಗ ಜೀಪಿನ ಚಕ್ರ ಸೆಕೆಂಡಿಗೆ ಸುಮಾರು 6 ಸುತ್ತು ತಿರುಗುತ್ತದೆ. ಹಳೆ ಜೀಪುಗಳಲ್ಲಿ ಚಕ್ರ ಒಂದು ಸುತ್ತು ಬರುವಾಗ ಪಿನಿಯನ್ ಐದರ ಆಸುಪಾಸು ಸುತ್ತು ಹಾಕುತ್ತದೆ. ಅಂದರೆ ಸೆಕೆಂಡಿಗೆ 30ರ ಹತ್ತಿರ. ಸೆಕೆಂಡಿಗೆ ಇಪ್ಪತ್ತು ದಾಟಿದ ಬಡಿತ ಕಿವಿಗೆ ಬಿಡಿಬಿಡಿಯಾಗಿ ಕೇಳಿಸುವುದಿಲ್ಲ, ಕೂಡಿಕೊಂಡು ಒಂದೇ ಎಳೆಯಾಗುತ್ತದೆ. ಅದು ಗುಂಯ್. ಚಕ್ರದ ಬೇರಿಂಗ್ ಹಾಳಾದಾಗ ಸದ್ದು ಚಕ್ರದ ಸುತ್ತಿಗೆ ಸರಿಯಾಗಿ ಏರಿ ಇಳಿದು ಬರುತ್ತದೆ. ಅದು ಗೊರ, ಗೊರ, ಗೊರ. ಪದದ ಒಳಗೇ ಆ ಏರಿಳಿತ ಇದೆ ನೋಡಿ. ಗುಂಯ್ ಅನ್ನುವುದನ್ನು ಎಷ್ಟು ಬೇಕಾದರೂ ಎಳೆಯಬಹುದು. ಗೊರಗೊರ ಎಳೆಯಲು ಬರುವುದಿಲ್ಲ, ಮತ್ತೆ ಮತ್ತೆ ಹೇಳಲೇಬೇಕು.

ಇಷ್ಟು ಗೊತ್ತಾದ ಮೇಲೆ ಉಳಿದ ಸದ್ದುಗಳ ಪದಗಳನ್ನೂ ಇದೇ ಕಣ್ಣಿನಿಂದ ನೋಡತೊಡಗಿದೆ. ನಮ್ಮ ಅನುಕರಣ ಪದಗಳಲ್ಲಿ ಒಂದು ಒಳ್ಳೆಯ ಕಟ್ಟು ಇದೆ. ಒಂದೇ ಸಲ ಆದರೆ ಕೊನೆಗೆ 'ನೆ' ಬರುತ್ತದೆ: ಟಕ್ಕನೆ, ಗಕ್ಕನೆ, ದಡಕ್ಕನೆ. ಮತ್ತೆ ಮತ್ತೆ ಆದರೆ ಪದವೇ ಇಮ್ಮಡಿಯಾಗುತ್ತದೆ: ಟಕಟಕ, ದಡದಡ. ಜೀಪಿನ ಹಿಂಭಾಗದಲ್ಲಿ ಈ ಎರಡಕ್ಕೆ ಕಾರಣವೇ ಬೇರೆ. ಕ್ಲಚ್ ಬಿಟ್ಟು ಗಾಡಿ ಎಳೆಯುವ ಹೊತ್ತಿಗೆ ಟಕ್ಕನೆ ಅಂದರೆ ಹೆಚ್ಚಾಗಿ ಪ್ರೊಪೆಲರ್ ಶಾಫ್ಟಿನ (ಎಂಜಿನ್ ಕಡೆಯಿಂದ ಹಿಂದಿನ ಆಕ್ಸಲ್ಲಿಗೆ ಬರುವ ಉದ್ದ ಕೊಳವೆ) ಯುಜೆ ಕ್ರಾಸ್ ಅನ್ನುವ ಕೀಲು ಸವೆದಿದೆ, ಇಲ್ಲವೇ ಪಿನಿಯನ್ನಿಗೂ ಅದು ತಿರುಗಿಸುವ ದೊಡ್ಡ ಕ್ರೌನ್ ಚಕ್ರಕ್ಕೂ ಹಲ್ಲುಗಳ ನಡುವೆ ಸಂದು ಜಾಸ್ತಿಯಾಗಿದೆ. ಓಡುತ್ತಾ ಇರುವಾಗ ವೇಗಕ್ಕೆ ತಕ್ಕ ಹಾಗೆ ಟಕಟಕ ಅಂದರೆ ಹಲ್ಲು ಮುರಿದಿರಬಹುದು, ಆಗ ಓಡಿಸಲೇಬಾರದು. "ಟಕ್ ಅಂತದೆ" ಅಂತ ಅರ್ಧ ಮಾತು ಹೇಳಿದರೆ ಕೇಳುವವರಿಗೆ ಯಾವುದೆಂದು ತಿಳಿಯುವುದಿಲ್ಲ. ಆ 'ನೆ'ಗೆ ಇಷ್ಟು ಬೆಲೆ ಇದೆ ಅಂತ ನನಗೆ ಮೊದಲು ಹೊಳೆದಿರಲೇ ಇಲ್ಲ.

ಪಡೀಲಿನ ಹಿರಿಯರು ನನ್ನನ್ನು ಕೂರಿಸಿಕೊಂಡು ಒಂದು ಸುತ್ತು ಹೋದರು. ಮಾಡಿದ್ದು ಮೂರೇ ಕೆಲಸ. ಮೊದಲನೆಯದು, ಕಾಂಕ್ರೀಟ್ ರಸ್ತೆಯಿಂದ ಡಾಂಬರಿಗೆ ಇಳಿಸಿದರು. ನಮ್ಮದು ಮೈಮೇಲೆ ದಪ್ಪ ಗಡ್ಡೆಗಳಿರುವ ದೊಡ್ಡ ಬಟನ್ ಟೈರು, ಅದೂ ಸದ್ದು ಮಾಡುತ್ತದೆ. ರಸ್ತೆ ಬದಲಾದಾಗ ಟೈರಿನ ಸದ್ದು ಬದಲಾಗುತ್ತದೆ, ಬೇರಿಂಗಿನದು ಬದಲಾಗುವುದಿಲ್ಲ. ಎರಡನೆಯದು, ಆಕ್ಸಿಲರೇಟರ್ ಒತ್ತಿ ಬಿಟ್ಟು ನೋಡಿದರು. ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಆದರೆ ಪಿನಿಯನ್ ಕಡೆಯ ಅನುಮಾನ. ನನ್ನದರಲ್ಲಿ ಏನೂ ವ್ಯತ್ಯಾಸ ಬರಲಿಲ್ಲ. ಮೂರನೆಯದು, ಖಾಲಿ ಜಾಗದಲ್ಲಿ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಅಗಲವಾಗಿ ತಿರುಗಿಸಿದರು. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಗಡೆಗೆ ಬೀಳುತ್ತದೆ. ಆಗಲೇ ಗೊರಗೊರ ಜೋರಾಯಿತು. "ಬಲದ್ದು" ಅಂದರು.

ಗ್ಯಾರೇಜಿಗೆ ಬಂದು ಜಾಕಿ ಕೊಟ್ಟು ಚಕ್ರ ಎತ್ತಿದರು. ನನ್ನ ಕೈ ಹಿಡಿದು ಆ ಬದಿಯ ಲೀಫ್ ಸ್ಪ್ರಿಂಗಿನ ಮೇಲೆ ಇಡಿಸಿ ಚಕ್ರ ತಿರುಗಿಸಿದರು. ಕಿವಿಗೆ ಏನೂ ಇಲ್ಲ. ಅಂಗೈಗೆ ಮಾತ್ರ ಮರಳು ರುಬ್ಬಿದ ಹಾಗೆ ತರತರ. ಎಡಗಡೆ ಹಾಗೇ ಮಾಡಿದಾಗ ನಯವಾಗಿತ್ತು. ಸದ್ದನ್ನು ಕೈಯಲ್ಲಿ ಮುಟ್ಟಿದ ಹಾಗಾಯಿತು. ಕೈಗೆ ಹತ್ತುವ ಈ ಸದ್ದಿಗೆ ನಿಮ್ಮಲ್ಲಿ ಬೇರೆ ಪದ ಇದೆಯಾ? ನಾನು ತರತರ ಅಂದಿದ್ದೇನೆ, ಅವರು "ತರಿತರಿ ಸಿಕ್ತದೆ" ಅಂದರು. ರವೆ ತರಿತರಿ ಅನ್ನುತ್ತೇವಲ್ಲ, ಅದೇ ತರಿ. ಅವರದ್ದೇ ಸರಿ ಅನ್ನಿಸುತ್ತದೆ.

ಬಿಚ್ಚಿದಾಗ ಸುರಿದ ಗಿಯರ್ ಆಯಿಲ್ ಗಂಜಿ ತೆಳಿಯ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿದರೆ ಹಾಗಾಗುತ್ತದೆ. ಘಾಟಿ ಹತ್ತಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿ ಆಡಲು ಮೇಲೊಂದು ಸಣ್ಣ ಬ್ರೀದರ್ ಇರುತ್ತದೆ. ಅದು ಕೆಸರು ಕಟ್ಟಿಕೊಂಡರೆ, ಆಯಿಲ್ ಸೋರದಂತೆ ತಡೆಯುವ ಸೀಲಿನ ಸಂದಿನಿಂದ ಆಕ್ಸಲ್ ನೀರನ್ನೇ ಎಳೆದುಕೊಳ್ಳುತ್ತದೆ. ನಮ್ಮದು ಪೂರ್ತಿ ಮುಚ್ಚಿತ್ತು. ಬೇರಿಂಗನ್ನು ಹಳೆ ಪೇಪರಿನ ಮೇಲಿಟ್ಟು ಒರೆಸಿ ತೋರಿಸಿದರು. ರೋಲರುಗಳ ಮೈಮೇಲೆ ಸಾಸಿವೆಗಿಂತ ಸಣ್ಣ ಕಂದು ಗುಳಿಗಳು. ಹೊರಗಿನ ಬಳೆಯ ಒಳಮೈ ಮೇಲೆ ಉಗುರು ಎಳೆದರೆ ಅಲ್ಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

"ಇದು ಸವೆದದ್ದಲ್ಲ, ತಿಂದದ್ದು" ಅಂದರು. ಇಲ್ಲಿ ಇನ್ನೊಂದು ಜೋಡಿ ಪದ ಸಿಕ್ಕಿತು. ಸವೆಯುವುದು ಓಡಿ ಓಡಿ ಮೈಯೆಲ್ಲ ಒಂದೇ ಸಮನೆ ತೆಳ್ಳಗಾಗುವುದು. ತಿನ್ನುವುದು ನೀರು, ತುಕ್ಕು, ಕೆಸರು ಸೇರಿ ಅಲ್ಲಲ್ಲಿ ಗುಳಿ ಬೀಳುವುದು. ಸವೆದಿದ್ದರೆ ಬೇರಿಂಗ್ ಬದಲಿಸಿದರೆ ಮುಗಿಯಿತು. ತಿಂದಿದ್ದರೆ ಸೀಲು, ಬ್ರೀದರ್, ಆಯಿಲ್ ಮೂರನ್ನೂ ನೋಡದೆ ಬಿಡಬಾರದು, ಇಲ್ಲದಿದ್ದರೆ ಮುಂದಿನ ಮಳೆಗೆ ಹೊಸದನ್ನೂ ತಿನ್ನುತ್ತದೆ. ಮೂರನೆಯದೊಂದು ಪದ ಕೂಡ ಇದೆ, 'ಹಿಡಿದಿದೆ'. ತಿರುಗುವುದೇ ನಿಂತುಹೋದದ್ದಕ್ಕೆ ಅದು. ಬಯಲುಸೀಮೆ ಕಡೆ ಇದಕ್ಕೆ 'ಕಚ್ಚಿಕೊಂಡಿದೆ' ಅನ್ನುತ್ತಾರಾ?

ಈಗ ನನ್ನನ್ನು ಜಾಸ್ತಿ ಕಾಡಿದ ಪದಕ್ಕೆ ಬರುತ್ತೇನೆ: 'ಆಟ'. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ "ಆಟ ಉಂಟು" ಅನ್ನುತ್ತಾರೆ. ಇದು ಇಂಗ್ಲಿಷಿನ 'ಪ್ಲೇ' ಪದದ ಅನುವಾದ ಅಂತ ಗೆಳೆಯರೊಬ್ಬರು ವಾದಿಸಿದರು. ನಾನು ಒಪ್ಪುವುದಿಲ್ಲ. ಕನ್ನಡದಲ್ಲಿ ಆಡು ಅಂದರೆ ಮೊದಲಿನಿಂದಲೂ ಚಲಿಸು ಅನ್ನುವ ಅರ್ಥ ಇದೆ. ಅಲ್ಲಾಡು, ಓಲಾಡು, ಉಸಿರಾಡು, ಗಾಳಿಯಾಡು ಎಲ್ಲವೂ ಅದೇ ಆಡು. ಈಗ ತಾನೇ ನಾನು "ಗಾಳಿ ಆಡಲು ಬ್ರೀದರ್" ಅಂತ ಬರೆದೆ, ಅಲ್ಲಿ ಯಾವ ಅನುವಾದವೂ ಇಲ್ಲ. ಎತ್ತಿನ ಗಾಡಿಯ ಅಚ್ಚಿಗೂ ಚಕ್ರಕ್ಕೂ ನಡುವೆ ಸಡಿಲ ಬಂದಾಗ ಹಿಂದಿನವರು 'ಆಟ' ಅನ್ನುತ್ತಿದ್ದರಾ? ನೇಗಿಲು, ಬಾಗಿಲ ಕೀಲು, ಗಾಣ ಇವುಗಳಿಗೆ ಆ ಮಾತು ಬಳಸಿದ್ದು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಕಿಟ್ಟೆಲರ ನಿಘಂಟು ನಮ್ಮ ಮಂಗಳೂರಿನಲ್ಲೇ 1894ರಲ್ಲಿ ಅಚ್ಚಾಯಿತು. ಆಗ ಇಲ್ಲಿ ಮೋಟಾರು ಗಾಡಿ ಇರಲಿಲ್ಲ. ಅದಕ್ಕಿಂತ ಹಳೆಯ ಬಳಕೆ ಸಿಕ್ಕಿದರೆ ವಾದ ಅಲ್ಲಿಗೇ ಮುಗಿಯುತ್ತದೆ.

ಆಟ ಅಂದರೆ ಬರೀ ದೋಷ ಅಂತಲೂ ಅಲ್ಲ. ಹಳೆ ಜೀಪಿನ ಹಿಂದಿನ ಆಕ್ಸಲ್ ತುದಿಗೆ ಬರುವುದು ಟೇಪರ್ ರೋಲರ್ ಬೇರಿಂಗ್, ಅಂದರೆ ಒಂದು ತುದಿ ಸಪೂರ ಆಗುತ್ತಾ ಹೋಗುವ ರೋಲರುಗಳದ್ದು. ಅದಕ್ಕೆ ಕೂದಲೆಳೆಯಷ್ಟು ಆಟ ಬೇಕೇ ಬೇಕು, ಶಿಮ್ ಅನ್ನುವ ತೆಳು ತಗಡಿನ ಬಿಲ್ಲೆ ಹಾಕಿ ಅದನ್ನು ಹೊಂದಿಸುತ್ತಾರೆ. ಆಟವೇ ಇಲ್ಲದಿದ್ದರೆ ಬಿಸಿಯಾಗಿ ಸುಟ್ಟುಹೋಗುತ್ತದೆ. ಪಿನಿಯನ್ ಬೇರಿಂಗಿಗೆ ಇದರ ಉಲ್ಟಾ. ಅಲ್ಲಿ ಆಟ ಇರಬಾರದು, ಸ್ವಲ್ಪ ಬಿಗಿಯಲ್ಲೇ ಕೂರಬೇಕು. ಹಾಗಾಗಿ "ಆಟ ಉಂಟು" ಅನ್ನುವ ಮಾತು ಎಲ್ಲಿಯದು ಅನ್ನುವುದರ ಮೇಲೆ ಒಳ್ಳೆಯದೂ ಆಗುತ್ತದೆ, ಕೆಟ್ಟದೂ ಆಗುತ್ತದೆ.

ಬೇರಿಂಗ್ ಕೊಳ್ಳಲು ಹೋದಾಗ ಅಂಗಡಿಯವರು ಕೇಳಿದ ಮೊದಲ ಮಾತು, "ಹಳತು ತಂದಿದ್ದೀರಾ?" ಗಾಡಿಯ ಹೆಸರು, ವರ್ಷ ಹೇಳಿದರೆ ಸಾಕಾಗುವುದಿಲ್ಲ, ಹಳೆ ಗಾಡಿಯಲ್ಲಿ ಆಕ್ಸಲ್ಲೇ ಬದಲಾಗಿರಬಹುದು. ಬೇರಿಂಗಿನ ಮೈಮೇಲೆ ಕೊರೆದ ನಂಬರೇ ಅದರ ನಿಜವಾದ ಹೆಸರು. ಉದಾಹರಣೆಗೆ 6206 ಅಂದರೆ ಕೊನೆಯ 06ನ್ನು ಐದರಿಂದ ಗುಣಿಸಿ, ಒಳತೂತು 30 ಮಿಲಿಮೀಟರ್. 30207 ಅನ್ನುವ ಟೇಪರ್ ಬೇರಿಂಗಿನದು 35. ಹಿಂದೆ 2ಆರ್‌ಎಸ್ ಅಂತಿದ್ದರೆ ಎರಡೂ ಬದಿಗೆ ರಬ್ಬರ್ ಸೀಲು, ಸಿ3 ಅಂತಿದ್ದರೆ ಒಳಗಿನ ಸಂದು ಮಾಮೂಲಿಗಿಂತ ಜಾಸ್ತಿ. ಜೀಪಿನಂಥ ಹಳೆ ವಿನ್ಯಾಸಗಳಲ್ಲಿ ಇಂಚಿನ ಅಳತೆಯ ಟೇಪರ್ ಬೇರಿಂಗುಗಳು ಬರುತ್ತವೆ, ಅವಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ. ಅವುಗಳ ಒಳಭಾಗಕ್ಕೆ ಒಂದು ನಂಬರ್, ಹೊರಗಿನ ಬಳೆಗೆ ಇನ್ನೊಂದು. ಅಂಗಡಿಯಲ್ಲಿ ಒಳಭಾಗಕ್ಕೆ ಕೋನು, ಹೊರಗಿನ ಬಳೆಗೆ ಕಪ್ಪು (ಇಂಗ್ಲಿಷಿನ ಕಪ್) ಅನ್ನುತ್ತಾರೆ. ಕಪ್ಪು ಅಂದಾಗ ಹೊಸಬರಿಗೆ ಬಣ್ಣ ನೆನಪಾಗುತ್ತದೆ. ನಮ್ಮ ಮೆಕ್ಯಾನಿಕ್ ಆ ಕಪ್ಪಿಗೆ 'ಬಟ್ಟಲು' ಅನ್ನುತ್ತಾರೆ. ಎಷ್ಟು ಚೆಂದದ ಪದ ಅಲ್ವಾ! ಬಟ್ಟಲು ಹಳೆಯದೇ ಇರಲಿ, ಕೋನು ಮಾತ್ರ ಹೊಸತು ಹಾಕೋಣ ಅಂತ ಉಳಿತಾಯ ಮಾಡಬೇಡಿ. ತಿಂದ ಬಟ್ಟಲು ಹೊಸ ರೋಲರನ್ನು ಬೇಗನೆ ಹಾಳು ಮಾಡುತ್ತದೆ. ಬೆಲೆ ತೀರಾ ಕಡಿಮೆ ಇದ್ದರೆ ಹೆಸರಾಂತ ಕಂಪನಿಯ ಡಬ್ಬಿಯಾದರೂ ಅನುಮಾನ ಪಡಿ, ನಕಲಿ ಬೇರಿಂಗ್ ತುಂಬಾ ಇದೆ.

ಬೇರಿಂಗ್ ಅನ್ನುವ ಪದಕ್ಕೇ ಕನ್ನಡ ಹುಡುಕಬೇಕಾ? ನನ್ನ ಮಟ್ಟಿಗೆ ಬೇಡ. ಧಾರಕ ಅಂತ ಅಂಗಡಿಯಲ್ಲಿ ಕೇಳಿದರೆ ಯಾರೂ ಕೊಡುವುದಿಲ್ಲ. ಬೇರಿಂಗ್ ನಮ್ಮದೇ ಆಗಿದೆ, "ಬೇರಿಂಗಿಗೆ", "ಬೇರಿಂಗಿಂದ" ಅಂತ ವಿಭಕ್ತಿಯೂ ಸಲೀಸಾಗಿ ಹತ್ತುತ್ತದೆ. ನಾವು ಉಳಿಸಿಕೊಳ್ಳಬೇಕಾದದ್ದು ಅದರ ಸುತ್ತಲಿನ ಮಾತುಗಳನ್ನು: ಆಟ, ಬಿಗಿ, ತರಿ, ಬಟ್ಟಲು, ತಿಂದದ್ದು, ಸವೆದದ್ದು. ಇವು ಯಾವ ತಾಂತ್ರಿಕ ಪದಕೋಶವನ್ನೂ ನೋಡಿ ಬಂದವಲ್ಲ, ಗ್ರೀಸ್ ಹತ್ತಿದ ಕೈಗಳ ನಡುವೆ ಹುಟ್ಟಿದವು.

ಹಾಗಾಗಿ ನನ್ನ ಕೋರಿಕೆ ಇಷ್ಟು. ನಿಮ್ಮೂರಿನ ಗ್ಯಾರೇಜಿನಲ್ಲಿ, ಗಿರಣಿಯಲ್ಲಿ, ಪಂಪ್‌ಸೆಟ್ ರಿಪೇರಿಯವರಲ್ಲಿ ಗುಂಯ್, ಗೊರಗೊರ, ಟಕ್ಕನೆ ಇವಕ್ಕೆ ಏನಂತಾರೆ? ಉಡುಪಿ, ಕುಂದಾಪುರ ಕಡೆಯವರು ಗೊರಗೊರ ಅನ್ನುತ್ತಾರಾ, ಗರಗರವಾ? ಕೊಲ್ಲೂರಿನಿಂದ ಕೊಡಚಾದ್ರಿಗೆ ಜೀಪು ಓಡಿಸುವವರ ಪರಿಚಯ ಯಾರಿಗಾದರೂ ಇದ್ದರೆ ಅವರನ್ನೇ ಕೇಳಿ, ಆ ದಾರಿಯಲ್ಲಿ ದಿನಾ ಹತ್ತಿ ಇಳಿಯುವವರಿಗೆ ನನಗಿಂತ ಹತ್ತು ಪಟ್ಟು ಸದ್ದು ಗೊತ್ತಿರುತ್ತದೆ. ಬರೆಯುವಾಗ ಪದದ ಜೊತೆ ಊರಿನ ಹೆಸರು, ಗಾಡಿಯ ಯಾವ ಭಾಗಕ್ಕೆ ಹೇಳಿದ್ದು ಅನ್ನುವುದನ್ನೂ ಬರೆಯಿರಿ.