ಅಪ್‌ಡೇಟ್: ಹಿತ್ತಲ ಕುಲುಮೆಯಲ್ಲಿ ಕೊನೆಗೂ ಕಬ್ಬಿಣ ಕಾಯಿತು

ಗದಗಿನ ನಮ್ಮ ಹಿತ್ತಲಲ್ಲಿ ಹಳೆಯ ಕಬ್ಬಿಣದ ಬುಟ್ಟಿಗೆ ಮಣ್ಣು ಮೆತ್ತಿ, ಹೇರ್ ಡ್ರೈಯರ್‌ನಿಂದ ಗಾಳಿ ಊದುವ ಕುಲುಮೆಯಲ್ಲಿ ಸರಳು ಮಬ್ಬುಗೆಂಪು ದಾಟುತ್ತಿಲ್ಲವೆಂದು ಎರಡು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು, ಸಮಸ್ಯೆ ಬಗೆಹರಿದಿದೆ.

ಫಲ ಕೊಟ್ಟದ್ದು ಇದ್ದಿಲಿನ ರಾಶಿಯನ್ನು ಎತ್ತರಿಸುವ ಸಲಹೆ. ನಾನು ಸರಳನ್ನು ಗಾಳಿಯ ಬಾಯಿಗೇ ಹಿಡಿಯುತ್ತಿದ್ದೆ. ಅಲ್ಲಿ ಉರಿಯದೆ ಉಳಿದ ಗಾಳಿ ತಾಗಿ ಕಬ್ಬಿಣ ಕಾಯುವ ಬದಲು ಕರಿಪೊರೆ ಕಟ್ಟುತ್ತಿತ್ತು. ಈಗ ಗಾಳಿ ಊದುವ ಕೊಳವೆಯ ಬಾಯಿಯ ಮೇಲೆ ಒಂದು ಗೇಣು ಕೆಂಡ ಪೇರಿಸಿ, ಅದರ ನಡುವೆ ಸರಳನ್ನು ಅಡ್ಡಲಾಗಿ ಹುದುಗಿಸಿದರೆ, ಸ್ವಲ್ಪ ಹೊತ್ತಿನಲ್ಲೇ ಅದು ಮಾಗಿದ ಕಿತ್ತಳೆಯ ಬಣ್ಣಕ್ಕೆ ತಿರುಗುತ್ತದೆ. ಸತು ಲೇಪಿಸಿದ ಕೊಳವೆಯ ಹೊಗೆ ಜ್ವರ ತರುತ್ತದೆಂದು ಎಚ್ಚರಿಸಿದವರಿಗೆ ನಾನು ವಿಶೇಷವಾಗಿ ಋಣಿ. ಅದನ್ನು ಕೂಡಲೇ ಬದಲಿಸಿದೆ. ಸಿಮೆಂಟಿನ ಒಳಲೇಪ ಮಾತ್ರ ಮೊದಲ ಕಾವಿಗೇ ಸಿಡಿದು ಚೂರು ಹಾರಿತು, ದಯವಿಟ್ಟು ಯಾರೂ ಅದನ್ನು ಪ್ರಯತ್ನಿಸಬೇಡಿ. ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಗುಜರಿಯ ಲಾರಿ ಆ್ಯಕ್ಸಲ್ ತುಂಡನ್ನು ಜಾಲಿಯ ದಿಮ್ಮಿಯಲ್ಲಿ ನೆಟ್ಟಗೆ ಹೂತಿದ್ದೇನೆ.

ನನಗೆ ಅಚ್ಚರಿ ತಂದದ್ದು ಅಯಸ್ಕಾಂತ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದ ಕಬ್ಬಿಣ ಅದಕ್ಕೆ ಅಂಟುವುದಿಲ್ಲ, ಹದ ಹಾಕಲು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಡುಸಾಗಿಸಲು, ಅದಕ್ಕಿಂತ ತುಸು ಹೆಚ್ಚು ಕಾವು ಸಾಕು. ಬೆಟಗೇರಿಯ ಹಿರಿಯ ಕಮ್ಮಾರರೊಬ್ಬರು, “ಬಿಸಲಾಗ ಬಣ್ಣ ತಿಳಿಯೂದಿಲ್ಲ ತಮ್ಮಾ, ನೆರಳಾಗ ಕಾಸು” ಎಂದದ್ದೂ ಅಷ್ಟೇ ನಿಜವಾಯಿತು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಮೊದಲ ಕುರ್ಪಿಯನ್ನು ನೀರಿಗೆ ಅದ್ದಿದಾಗ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಎಣ್ಣೆಗೆ ಅದ್ದಿ, ಮತ್ತೆ ಒಣಹುಲ್ಲಿನ ಹಳದಿ ಬಣ್ಣ ಬರುವವರೆಗೆ ಹಗುರವಾಗಿ ಕಾಯಿಸಿದ ಎರಡನೆಯದರಿಂದ ಅವ್ವ ಈಗ ಮೆಂತ್ಯದ ಮಡಿಯ ಕಳೆ ತೆಗೆಯುತ್ತಿದ್ದಾಳೆ.