ಅಪ್‌ಡೇಟ್: ಗೆಂಟ್ ಚಿತ್ರದ ಕುರಿಮರಿಗೆ ನಾಲ್ಕು ಕಿವಿ ಯಾಕಿತ್ತು ಅಂತ ಗೊತ್ತಾಯ್ತು

ನನ್ನ ಹಳೇ ಪೋಸ್ಟ್‌ಕಾರ್ಡ್‌ನಲ್ಲಿ ಬೆಲ್ಜಿಯಂನ ಗೆಂಟ್ ನಗರದ ಚರ್ಚಿನಲ್ಲಿರುವ, ಕಲಾವಿದರಾದ ವಾನ್ ಐಕ್ ಸಹೋದರರು ಹಲವು ಫಲಕಗಳಲ್ಲಿ ಬರೆದ ಚಿತ್ರದ ಕುರಿಮರಿಗೆ ನಾಲ್ಕು ಕಿವಿ ಇದೆ, ಈಗಿನ ಫೋಟೊಗಳಲ್ಲಿ ಎರಡೇ, ಯಾಕೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

16ನೇ ಶತಮಾನದಲ್ಲಿ ಯಾರೋ ಕುರಿಮರಿಯ ತಲೆಯ ಮೇಲೆ ಹೊಸದಾಗಿ ಬಣ್ಣ ಬಳಿದು ಕಿವಿಗಳನ್ನು ಮೇಲಕ್ಕೆ ಸರಿಸಿದ್ದರಂತೆ. 1950-51ರಲ್ಲಿ ಆ ಬಣ್ಣ ಅರ್ಧ ತೆಗೆದಾಗ ಕೆಳಗಿನ ಮೂಲ ಕಿವಿಗಳೂ ಕಂಡವು, ಲೆಕ್ಕ ನಾಲ್ಕಾಯ್ತು! 2012ರಲ್ಲಿ ಶುರುವಾದ ದುರಸ್ತಿಯಲ್ಲಿ ಆ ಮೇಲಿನ ಬಣ್ಣವನ್ನು ಪೂರ್ತಿ ತೆಗೆದರು. ಈಗ ಕುರಿಮರಿಯ ಮೂಲ ಕಣ್ಣುಗಳು ನೇರ ನಮ್ಮನ್ನೇ ನೋಡುತ್ತವೆ, ಮನುಷ್ಯನ ಕಣ್ಣಿನ ಹಾಗೆ. ಕೆಲವರಿಗೆ ಇದು ಇಷ್ಟವಾಗಿಲ್ಲ. ನನಗಂತೂ ಕಣ್ಣು ತುಂಬಿ ಬಂತು.

ಈ ಚಿತ್ರ ಉಳಿದದ್ದೇ ದೊಡ್ಡದು. ನಾಜಿಗಳು ಒಯ್ದಿದ್ದು 1945ರಲ್ಲಿ ಆಸ್ಟ್ರಿಯಾದ ಆಲ್ಟ್‌ಔಸೀ ಉಪ್ಪಿನ ಗಣಿಯಲ್ಲಿ ಸಿಕ್ಕಿತು. ಅದಕ್ಕೂ ಮೊದಲು, 1934ರ ಏಪ್ರಿಲ್‌ನಲ್ಲಿ, ಚರ್ಚಿನಿಂದಲೇ ಎರಡು ಫಲಕ ಕಳುವಾಗಿದ್ದವು. ಹತ್ತು ಲಕ್ಷ ಫ್ರಾಂಕ್ ಕೇಳಿದ ಕಳ್ಳ ಒಂದನ್ನು ಹಿಂತಿರುಗಿಸಿದ. 'ನ್ಯಾಯವಂತ ನ್ಯಾಯಾಧೀಶರು' ಎಂಬ ಇನ್ನೊಂದು ಫಲಕ ಇಂದಿಗೂ ಸಿಕ್ಕಿಲ್ಲ, ಆ ಜಾಗದಲ್ಲಿರುವುದು ನಕಲು. ಆ ಫಲಕಕ್ಕಾಗಿ ಇವತ್ತಿಗೂ ಹುಡುಕುವವರಿದ್ದಾರೆ. ಅದು ಸಿಗಲಿ ಅಂತ ಮನಸಾರೆ ಹಾರೈಸುತ್ತೇನೆ.